ಮನೆ ಇಲ್ಲ ಅನ್ನೋದಕ್ಕೂ ದಾಖಲೆ ಬೇಕು

"ನಿಮಗೆ ಆಗಲೇ ಮನೆ ಇದೆಯಲ್ಲಮ್ಮ" ಅಂತ ಹೇಳಿ ಪಂಚಾಯ್ತಿ ಆಪರೇಟರ್ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಅಮ್ಮನಿಗೆ ಓದೋಕೆ ಬರಲ್ಲ. ನಾನು ಓದಿದೆ. ಮಾಲೀಕರು ಅನ್ನೋ ಕಡೆ ನಮ್ಮ ತಾತನ ಹೆಸರು. ಅದರ ಮುಂದೆ ಆರ್‌ಸಿಸಿ ಮನೆ ಅಂತ ಬರೆದಿತ್ತು. ತಾತ ತೀರಿಕೊಂಡು ಹದಿನೆಂಟು ವರ್ಷ ಆಗಿತ್ತು. ಆರ್‌ಸಿಸಿ ಮನೆ ಇದ್ದಿದ್ದು ಚಿಕ್ಕಪ್ಪನದು. ನಮ್ಮದು ಅದೇ ಜಾಗದ ಇನ್ನೊಂದು ಅರ್ಧ. ಮಣ್ಣಿನ ಗೋಡೆ, ಹೆಂಚು, ಹಿಂದಿನ ಗೋಡೆಗೆ ಹೊರಗಿನಿಂದ ಕೊಟ್ಟ ಎರಡು ನೀಲಗಿರಿ ಕಂಬ.

ಅಮ್ಮ ಪರದೆ ನೋಡುತ್ತಲೇ ಇದ್ದರು. "ಎಲ್ಲಿದೆ ಅಂತೆ?" ಅಂತ ನನ್ನನ್ನು ಕೇಳಿದರು.

ನಾನು ಕೆಲಸ ಮಾಡೋದು ತಾಲ್ಲೂಕು ಕಚೇರಿ ಎದುರಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ. ಮನೆ ಅರ್ಜಿಯ ಕಾಗದಗಳನ್ನು ದಿನಾ ನೋಡುತ್ತೇನೆ. ಆಧಾರ್, ರೇಷನ್ ಕಾರ್ಡ್, ಜಾತಿ ಆದಾಯ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಹಾಳೆ, ನಿವೇಶನದ ನಮೂನೆ 9, ಅಂದರೆ ಜಾಗ ಯಾರದು ಅಂತ ಪಂಚಾಯ್ತಿ ಕೊಡೋ ಆಸ್ತಿ ದಾಖಲೆ. ಯಾವುದರ ಮೇಲೆ ಯಾವುದು ಇಟ್ಟು ಪಿನ್ ಹೊಡೆಯಬೇಕು ಅನ್ನೋದು ಕೈಗೇ ಗೊತ್ತು. ಹಾಗಿದ್ದೂ ನಮ್ಮ ಮನೆಯ ಖಾತೆ ಯಾರ ಹೆಸರಲ್ಲಿದೆ ಅಂತ ನಾನು ಒಂದು ದಿನವೂ ತೆಗೆದು ನೋಡಿರಲಿಲ್ಲ. ಅದೊಂದಕ್ಕೇ ನಮಗೆ ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ಹೇಗೆ ಹೋಯಿತು ಅಂತ ಬರೆಯುತ್ತಿದ್ದೇನೆ. ಅಂಗಡಿಗೆ ಬರೋ ಎಷ್ಟೋ ಜನ ಇದೇ ಜಾಗದಲ್ಲಿ ಸಿಕ್ಕಿಕೊಂಡಿರೋದನ್ನು ಈಗಲೂ ನೋಡುತ್ತಿದ್ದೇನೆ.

ನಮ್ಮದು ತುಮಕೂರು ಜಿಲ್ಲೆ. ಅಪ್ಪ 2014ರಲ್ಲಿ ತೀರಿಹೋದರು. ಮನೆಯಲ್ಲಿ ಅಮ್ಮ, ನಾನು, ತಮ್ಮ. ಊರಲ್ಲಿ ಸರ್ಕಾರದ ಮನೆ ಯಾವ ಯೋಜನೆಯಲ್ಲಿ ಬಂದರೂ ಹೆಸರು ಒಂದೇ, ಗ್ರ್ಯಾಂಟ್ ಮನೆ. ವಯಸ್ಸಾದವರು ಆಶ್ರಯ ಮನೆ ಅಂತಾರೆ. ಆದರೆ ಬಾಗಿಲು ಒಂದಲ್ಲ. ಕೇಂದ್ರದ್ದು ಪ್ರಧಾನಮಂತ್ರಿ ಆವಾಸ್ ಯೋಜನೆ, 2016ರಲ್ಲಿ ಇಂದಿರಾ ಆವಾಸ್ ಜಾಗಕ್ಕೆ ಬಂದಿದ್ದು. ರಾಜ್ಯದ್ದು ಬಸವ ವಸತಿ, ಪರಿಶಿಷ್ಟರಿಗೆ ಅಂಬೇಡ್ಕರ್ ನಿವಾಸ್, ಅಂಗವಿಕಲರು, ವಿಧವೆಯರಂಥವರಿಗೆ ದೇವರಾಜ ಅರಸು ವಸತಿ. ಇವನ್ನೆಲ್ಲ ನೋಡಿಕೊಳ್ಳೋದು ಬೆಂಗಳೂರಿನ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಒಂದು ಬಾಗಿಲು ಮುಚ್ಚಿದ ಕೂಡಲೇ ಎಲ್ಲವೂ ಮುಚ್ಚಿತು ಅಂತ ಅಲ್ಲ. ಇದು ಗೊತ್ತಿಲ್ಲದೆ ನಾವು ಕೆಲವು ವರ್ಷ ಸುಮ್ನೆ ಕೂತಿದ್ದೆವು.

ಮೊದಲ ಬಾಗಿಲು ನಮಗೆ ಗೊತ್ತಾಗೋ ಮುಂಚೆಯೇ ಮುಚ್ಚಿತ್ತು. ಆವಾಸ್ ಯೋಜನೆಯ ಮೊದಲ ಪಟ್ಟಿ ಮಾಡಿದ್ದು 2011ರ ಸಾಮಾಜಿಕ ಆರ್ಥಿಕ ಜಾತಿ ಗಣತಿ ಇಟ್ಟುಕೊಂಡು. ಗೋಡೆಯೂ ಕಚ್ಚಾ, ಛಾವಣಿಯೂ ಕಚ್ಚಾ, ಕೋಣೆ ಎರಡಕ್ಕಿಂತ ಜಾಸ್ತಿ ಇರಬಾರದು. ಆ ಗಣತಿಯಲ್ಲಿ ಕೈಯಲ್ಲಿ ತಟ್ಟಿದ ನಾಡಹೆಂಚು ಇದ್ದರೆ ಕಚ್ಚಾ ಛಾವಣಿ. ಯಂತ್ರದಲ್ಲಿ ಮಾಡಿದ ಹೆಂಚಾದರೆ ಪಕ್ಕಾ. ನಮ್ಮಪ್ಪ ಗಣತಿಗೆ ಎರಡು ವರ್ಷ ಮುಂಚೆ, ಒಂದು ಬೆಳೆ ಶೇಂಗಾ ಚೆನ್ನಾಗಿ ಬಂದಾಗ, ಸೋರುತ್ತಿದ್ದ ಮುಂದಿನ ಅಂಕಣದ ನಾಡಹೆಂಚು ಇಳಿಸಿ ಮಂಗಳೂರು ಹೆಂಚು ಹೊದಿಸಿದ್ದರು. ಅದರ ಮೇಲೆ ಆಗ ಚಿಕ್ಕಪ್ಪನ ಜೊತೆ ಒಟ್ಟಿಗೇ ಇದ್ದೆವು, ಒಂದೇ ಸಂಸಾರ ಅಂತ ಬರೆದುಕೊಂಡು ಹೋಗಿದ್ದರು. ಹೆಂಚು ಬದಲಾಯಿಸಿದ ದಿನ ಅಪ್ಪನಿಗೆ ಎಷ್ಟು ಖುಷಿ ಆಗಿತ್ತು ಅಂತ ನನಗೆ ಚೆನ್ನಾಗಿ ನೆನಪಿದೆ. ಆ ಹೆಂಚೂ ನಮ್ಮನ್ನು ಪಟ್ಟಿಯಿಂದ ಹೊರಗಿಟ್ಟಿತು ಅನ್ನೋದು ನನಗೆ ಗೊತ್ತಾಗಿದ್ದು ಅಂಗಡಿಗೆ ಬಂದ ಒಂದು ಮಾರ್ಗಸೂಚಿಯ ಪ್ರತಿ ತೆಗೆಯುವಾಗ. ಅಮ್ಮನಿಗೆ ಇದನ್ನು ಇವತ್ತಿನವರೆಗೂ ಹೇಳಿಲ್ಲ.

ಎರಡನೇ ಬಾಗಿಲು 2018ರಲ್ಲಿ. ಹಳೇ ಪಟ್ಟಿಯಲ್ಲಿ ಬಿಟ್ಟುಹೋದವರಿಗಾಗಿ ಆವಾಸ್ ಪ್ಲಸ್ ಸಮೀಕ್ಷೆ ಶುರುವಾಯಿತು. ಮನೆ ಮುಂದೆ ನಿಲ್ಲಿಸಿ ಮೊಬೈಲ್‌ನಲ್ಲಿ ಫೋಟೋ ಹಿಡಿದುಕೊಂಡು ಹೋಗುತ್ತಿದ್ದರು. ನಮ್ಮ ಮನೆಗೆ ಬಂದಾಗ ಜಗಲಿ ಪಕ್ಕ ತಮ್ಮನ ಟಿವಿಎಸ್ ನಿಂತಿತ್ತು. ಎರಡೂ ಕಡೆ ಹಾಲಿನ ಕ್ಯಾನು ನೇತು ಹಾಕೋ ಕೊಕ್ಕೆ ಇರೋ ಹಳೇ ಗಾಡಿ. ಬೆಳಗ್ಗೆ ನಾಲ್ಕು ಮನೆ ಹಾಲು ಡೇರಿಗೆ ಹಾಕಿ ಬರೋದು ಅವನ ಸಂಪಾದನೆ. ಆಗಿನ ನಿಯಮದಲ್ಲಿ ಹದಿಮೂರು ಅಂಶ ಇದ್ದವು, ಅದರಲ್ಲಿ ಒಂದು ಇದ್ದರೂ ಹೆಸರು ಬಿಡುತ್ತಿದ್ದರು. ಮೋಟಾರಿನ ಎರಡು ಚಕ್ರದ ಗಾಡಿ, ಫ್ರಿಜ್, ಲ್ಯಾಂಡ್‌ಲೈನ್ ಫೋನ್, ಮನೆಯಲ್ಲಿ ಯಾರಿಗಾದರೂ ತಿಂಗಳಿಗೆ 10,000 ರೂಪಾಯಿಗಿಂತ ಜಾಸ್ತಿ ದುಡಿಮೆ, 50,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್, ಸರ್ಕಾರಿ ನೌಕರಿ, ಹೀಗೆ. ಬಂದವರು ಒಳ್ಳೆಯವರೇ. "ಗಾಡಿ ಇದೆಯಲ್ಲ ತಾಯಿ, ನಾನು ಸುಳ್ಳು ಬರೆಯೋಕಾಗಲ್ಲ" ಅಂದರು. ಗಾಡಿ ಆಚೆ ನಿಲ್ಲಿಸಿದ್ದರೆ ಆಗುತ್ತಿತ್ತು ಅಂತ ಆಮೇಲೆ ಹತ್ತು ಜನ ಹೇಳಿದರು. ಅಮ್ಮ ಒಪ್ಪಲಿಲ್ಲ. "ಅದು ಹಾಲು ಹೊತ್ತು ತರೋ ಗಾಡಿ. ಅದನ್ನು ಬಚ್ಚಿಡೋಕೆ ಅದೇನು ಕಳ್ಳಮಾಲಾ?"

2024ರ ಹೊಸ ಸಮೀಕ್ಷೆಗೆ ಮುಂಚೆ ಈ ನಿಯಮ ಸಡಿಲ ಆಯಿತು. ಎರಡು ಚಕ್ರದ ಗಾಡಿ, ಫ್ರಿಜ್, ಲ್ಯಾಂಡ್‌ಲೈನ್ ತೆಗೆದು ಹಾಕಿದರು. ತಿಂಗಳ ದುಡಿಮೆಯ ಮಿತಿ 15,000 ಮಾಡಿದರು. ಮೂರು ಚಕ್ರ, ನಾಲ್ಕು ಚಕ್ರದ ಗಾಡಿ ಇದ್ದರೆ ಈಗಲೂ ಇಲ್ಲ. ಆಗ ಹಳೇ ನಿಯಮದಲ್ಲಿ ಹೆಸರು ಬಿಟ್ಟುಹೋದವರು, ಇನ್ನು ನಮಗಿಲ್ಲ ಅಂದುಕೊಂಡು ಕೂರಬೇಡಿ. ನಿಯಮ ಬದಲಾಗಿರುತ್ತೆ, ಹೋಗಿ ಕೇಳಬೇಕು.

ಉಳಿದಿದ್ದು ಬಸವ ವಸತಿ. ಅಲ್ಲಿ ಪಟ್ಟಿ ಗಣತಿಯಿಂದ ಬರಲ್ಲ. ಗ್ರಾಮಸಭೆಯಲ್ಲಿ ಆಯ್ಕೆ. ಮನೆ ಬರೋದೂ ಹೆಂಗಸಿನ ಹೆಸರಿಗೆ, ಕೆಲವು ವಿಶೇಷ ಸಂದರ್ಭ ಬಿಟ್ಟರೆ. ಹಾಗಾಗಿ ಅಮ್ಮನ ಹೆಸರಲ್ಲಿ ಅರ್ಜಿ ಹಾಕೋಣ ಅಂತ 2019ರ ಕೊನೆಯಲ್ಲಿ ಪಂಚಾಯ್ತಿಗೆ ಹೋದೆವು. ಆಗಲೇ ಆಪರೇಟರ್ ಪರದೆ ತಿರುಗಿಸಿದ್ದು.

ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಒಳಗೆ ಕರೆದು ಕೂರಿಸಿ ಬಿಡಿಸಿ ಹೇಳಿದರು. ಅಮ್ಮ ಎರಡು ವಿಷಯ ತೋರಿಸಬೇಕು. ಒಂದು, ಅವರಿಗೆ ವಾಸಕ್ಕೆ ಯೋಗ್ಯವಾದ ಮನೆ ಇಲ್ಲ. ಇನ್ನೊಂದು, ಕಟ್ಟೋಕೆ ಅವರ ಹೆಸರಲ್ಲಿ ಜಾಗ ಇದೆ. ನಮ್ಮ ಖಾತೆ ಎರಡನ್ನೂ ಉಲ್ಟಾ ಹೇಳುತ್ತಿತ್ತು. ಮನೆ ಇದೆ, ಆದರೆ ಜಾಗ ಅಮ್ಮನದಲ್ಲ. ಗೋಡೆ ವಾಲಿರೋದು ಇಡೀ ಊರಿಗೆ ಕಾಣುತ್ತೆ, ಖಾತೆಗೆ ಕಾಣಲ್ಲ.

ದಾರಿ ಇದ್ದಿದ್ದು ಒಂದೇ. ತಾತನ ಹೆಸರಿನ ಖಾತೆ ಪೌತಿ ಮಾಡಿಸಿ, ಅಂದರೆ ವಾರಸುದಾರರ ಹೆಸರಿಗೆ ಬದಲಾಯಿಸಿ, ಅದನ್ನು ಎರಡು ಭಾಗ ಮಾಡಿ, ಅಮ್ಮನ ಭಾಗಕ್ಕೆ ಬೇರೆ ನಮೂನೆ 9 ಪಡೆಯೋದು. ಹೇಳೋಕೆ ಒಂದು ಸಾಲು. ತಾತನ ಮರಣ ಪ್ರಮಾಣಪತ್ರವೇ ಇರಲಿಲ್ಲ. ಅವರು ಸತ್ತಾಗ ಯಾರೂ ನೋಂದಣಿ ಮಾಡಿಸಿರಲಿಲ್ಲ. ಒಂದು ವರ್ಷ ದಾಟಿದ ಸಾವನ್ನು ನೋಂದಾಯಿಸಬೇಕಾದರೆ ಆಗ ಕೋರ್ಟ್ ಆದೇಶ ಬೇಕಿತ್ತು. ವಕೀಲರು, ನೋಂದಣಿ ಆಗಿಲ್ಲ ಅನ್ನೋ ಪತ್ರ, ಸಾಕ್ಷಿಗಳು. ಅಷ್ಟರಲ್ಲಿ 2020ರ ಮಾರ್ಚ್ ಬಂತು, ಲಾಕ್‌ಡೌನ್ ಆಯಿತು, ಕೋರ್ಟು ಕಚೇರಿ ಎಲ್ಲ ನಿಂತುಹೋದವು. ನನ್ನ ಅಂಗಡಿಯೂ ಮುಚ್ಚಿತು. ಆ ಕಾಗದ ಕೈಗೆ ಬಂದಿದ್ದು 2021ರಲ್ಲಿ. ಆ ದಿನ ಅಮ್ಮ ತಾತನ ಫೋಟೋ ಮುಂದೆ ಅದನ್ನಿಟ್ಟು ದೀಪ ಹಚ್ಚಿದರು.

ಆಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷ. ಗ್ರಾಮ ಲೆಕ್ಕಿಗರು ಬಂದು ಮಹಜರ್ ಮಾಡಿದರು. ತಾತನಿಗೆ ಮಕ್ಕಳು ಮೂರು ಜನ. ನಮ್ಮಪ್ಪ, ಚಿಕ್ಕಪ್ಪ, ಮತ್ತೆ ಅತ್ತೆ. ಅತ್ತೆಯ ಹೆಸರು ಬಿಟ್ಟು ಬರೆಸಿ, ಬೇಗ ಆಗುತ್ತೆ ಅಂತ ಒಬ್ಬರು ಸಲಹೆ ಕೊಟ್ಟರು. ಅಂಗಡಿಯಲ್ಲಿ ಇಂಥ ವಂಶವೃಕ್ಷ ನಾನು ಬೇಕಾದಷ್ಟು ನೋಡಿದ್ದೇನೆ. ಹೆಣ್ಣುಮಕ್ಕಳೇ ಇಲ್ಲದ ಮನೆಗಳು. ಹಬ್ಬಕ್ಕೆ ಅದೇ ಮನೆಗೆ ಹೆಣ್ಣುಮಕ್ಕಳು ಬಂದು ಹೋಗುತ್ತಿರುತ್ತಾರೆ. ನಾನು ಬೇಡ ಅಂದೆ. ಕಾನೂನಿನಲ್ಲೂ ಅವರ ಪಾಲು ಇದೆ, ಮುಂದೆ ಯಾವತ್ತಾದರೂ ತಕರಾರು ಬಂದರೆ ಇಡೀ ಖಾತೆ ಬಿದ್ದುಹೋಗುತ್ತೆ. ಅದಕ್ಕಿಂತ ಹೆಚ್ಚಾಗಿ, ನಾನೂ ಒಂದು ಮನೆಯ ಹೆಣ್ಣುಮಗಳು ಅಲ್ವಾ.

ಅಮ್ಮನಿಗೆ ಭಯ ಇತ್ತು. ಅತ್ತೆ ಮತ್ತು ಅಮ್ಮನ ನಡುವೆ ಅಷ್ಟಾಗಿ ಮಾತಿರಲಿಲ್ಲ, ಯಾವುದೋ ಹಳೇ ಮದುವೆ ಖರ್ಚಿನ ವಿಚಾರ. ಫೋನ್ ಮಾಡಿದ್ದು ನಾನೇ. ಅತ್ತೆ ಮಾರನೇ ದಿನ ಮೊದಲ ಬಸ್ಸಿಗೇ ಬಂದರು. ಹಿತ್ತಿಲಿಗೆ ಹೋಗಿ ಕಂಬ ಕೊಟ್ಟ ಗೋಡೆಯನ್ನು ಕೈಯಲ್ಲಿ ಮುಟ್ಟಿ ನೋಡಿದರು. ಅವರ ಬೆರಳಿಗೆ ಮಣ್ಣು ಪುಡಿ ಪುಡಿಯಾಗಿ ಬಂತು. ಅದನ್ನು ಸೆರಗಿನಲ್ಲಿ ಒರೆಸಿಕೊಂಡು, "ಈ ಗೋಡೆಗೆ ಮಣ್ಣು ತುಳಿದವಳು ನಾನೇ ಕಣವ್ವ, ನಿಮ್ಮಪ್ಪ ಆಗ ಇಷ್ಟುದ್ದ ಇದ್ದ" ಅಂದರು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತೋ ಮುಂಚೆ ಅಮ್ಮನ ಕಡೆ ತಿರುಗಿ ಒಂದೇ ಮಾತು ಹೇಳಿದರು. "ನನಗೆ ಜಾಗ ಬೇಡ. ತೌರಿಗೆ ಅಂತ ಬಂದಾಗ ಒಂದು ಚಾಪೆ ಹಾಸೋಷ್ಟು ಜಾಗ ಇಟ್ಟಿರು." ಅಮ್ಮ ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟರು.

ಚಿಕ್ಕಪ್ಪ ತಕರಾರು ಮಾಡಲಿಲ್ಲ. ಆದರೆ ಅವರಿಗೆ ಬಿಡುವು ಆಗುತ್ತಿರಲಿಲ್ಲ. ವಿಭಾಗ ಪತ್ರ ರಿಜಿಸ್ಟರ್ ಮಾಡಿಸೋಕೆ ಮೂರು ಸಲ ದಿನ ಗೊತ್ತು ಮಾಡಿ ಮೂರು ಸಲವೂ ತಪ್ಪಿತು. ಸರ್ವೆಯವರು ಬಂದು ಅಳೆದು ನಕ್ಷೆ ಮಾಡಿಕೊಟ್ಟರು. ಪಂಚಾಯ್ತಿಯಲ್ಲಿ ನೋಟಿಸ್ ಹಚ್ಚಿದರು. ಕೊನೆಗೆ ಪಂಚಾಯ್ತಿ ಆಸ್ತಿಗಳ ಕಂಪ್ಯೂಟರ್ ದಾಖಲೆಯಾದ ಇ-ಸ್ವತ್ತಿನಲ್ಲಿ ಅಮ್ಮನ ಫೋಟೋ ಸಮೇತ ನಮೂನೆ 9 ಬಂತು. 18 ಅಡಿ ಅಗಲ, 32 ಅಡಿ ಉದ್ದ. ಕಟ್ಟಡದ ಕಡೆ ಈ ಸಲ ಮಣ್ಣಿನ ಮನೆ, ಶಿಥಿಲ ಅಂತ ಇತ್ತು. ಶಿಥಿಲ ಅಂದರೇನು ಅಂತ ಅಮ್ಮ ಕೇಳಿದರು. ಬೀಳೋ ಹಾಗಿದೆ ಅಂತ ಅಂದೆ. "ಸದ್ಯ, ಒಪ್ಪಿಕೊಂಡರಲ್ಲ" ಅಂದರು.

ಅದೇ ನವೆಂಬರಲ್ಲಿ ಹದಿನೈದು ದಿನ ಬಿಡದೆ ಮಳೆ ಹೊಡೆಯಿತು. 2021ರ ಆ ಅಕಾಲ ಮಳೆ ನಮ್ಮ ಕಡೆಯವರಿಗೆಲ್ಲ ನೆನಪಿರುತ್ತೆ. ರಾಗಿ ಹೊಲದಲ್ಲೇ ಮೊಳಕೆ ಬಂದಿತ್ತು. ರಾತ್ರಿ ಅಮ್ಮ, ನಾನು ಮುಂದಿನ ಅಂಕಣದಲ್ಲಿ, ಅಪ್ಪ ಹೊದಿಸಿದ ಹೆಂಚಿನ ಕೆಳಗೆ ಮಲಗುತ್ತಿದ್ದೆವು. ತಮ್ಮನನ್ನು ಚಿಕ್ಕಪ್ಪನ ಮನೆಗೆ ಕಳಿಸುತ್ತಿದ್ದೆವು. ಗೋಡೆ ಇನ್ನಷ್ಟು ವಾಲಿತು, ಬೀಳಲಿಲ್ಲ. ಬಿದ್ದಿದ್ದರೆ ಮಳೆ ಪರಿಹಾರದಲ್ಲಿ ಬರುತ್ತಿತ್ತು, ಅದು ಬೇರೆಯೇ ಲೆಕ್ಕ, ತಹಶೀಲ್ದಾರ್ ಕಚೇರಿಯ ದಾರಿ. ಹಾಗಂತ ಬೀಳಲಿ ಅಂತ ಯಾರಾದರೂ ಅಂದುಕೊಳ್ಳೋಕಾಗುತ್ತಾ? ಆದರೆ ಪಕ್ಕದ ಬೀದಿಯವರೊಬ್ಬರು ನಮ್ಮ ಮುಂದೆಯೇ ಆ ಮಾತು ಆಡಿದರು.

ಇನ್ನು ಹೆಸರಿನ ವಿಚಾರ. ರೇಷನ್ ಕಾರ್ಡಿನಲ್ಲಿ ಅಮ್ಮನ ಹೆಸರಿನ ಹಿಂದೆ ಊರ ದೇವತೆಯ ಹೆಸರೂ ಸೇರಿತ್ತು. ಆಧಾರ್‌ನಲ್ಲಿ ಅದು ಇರಲಿಲ್ಲ. ಬ್ಯಾಂಕ್ ಪುಸ್ತಕದಲ್ಲಿ ಕೊನೆಯ 'ಮ್ಮ' ಹೋಗಿ 'ಮ' ಆಗಿತ್ತು. ಊರಲ್ಲಿ ಮೂರೂ ಒಬ್ಬರೇ. ಕಂಪ್ಯೂಟರಿಗೆ ಮೂರು ಜನ. ಜಾತಿ ಆದಾಯ ಪ್ರಮಾಣಪತ್ರದ ಮೇಲಿರೋ ಆರ್‌ಡಿ ನಂಬರ್ ಕಂಪ್ಯೂಟರಿಗೆ ಹಾಕಿದ ಕೂಡಲೇ ಅದರಲ್ಲಿರೋ ಹೆಸರು ಬರುತ್ತೆ, ಅದು ಆಧಾರ್ ಜೊತೆ ತಾಳೆ ಆಗಬೇಕು. ಹಾಗಾಗಿ ಮೊದಲು ಆಧಾರ್ ಸರಿ ಮಾಡಿಸಿದೆವು, ಆಗ ಅದಕ್ಕೆ 50 ರೂಪಾಯಿ. ಅದು ಬಂದಮೇಲೆ ಅದನ್ನೇ ಹಿಡಿದು ಉಳಿದವು. ಈ ಕ್ರಮ ತಪ್ಪಿದರೆ ಎಲ್ಲ ಎರಡೆರಡು ಸಲ ಮಾಡಿಸಬೇಕು. ನಿಮ್ಮ ಅಮ್ಮನದೋ ಹೆಂಡತಿಯದೋ ಕಾಗದ ಮನೆಯಲ್ಲಿದ್ದರೆ ಇವತ್ತೇ ಒಂದು ಸಲ ಪಕ್ಕ ಪಕ್ಕ ಇಟ್ಟು ಓದಿ ನೋಡಿ. ಅಕ್ಷರ ಅಕ್ಷರವಾಗಿ ಓದಿ.

ಆದಾಯದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ರಾಜ್ಯದ ಯೋಜನೆಗೆ ಹಳ್ಳಿ ಕಡೆ ವರ್ಷದ ಆದಾಯ ಮಿತಿ ಮೊದಲು 32,000 ರೂಪಾಯಿ ಇತ್ತು. 2019–20ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 249 ರೂಪಾಯಿ. ಒಬ್ಬ ಹೆಂಗಸು ಖಾತ್ರಿಯಲ್ಲಿ ನೂರು ದಿನ ಪೂರ್ತಿ ದುಡಿದರೆ ಅಷ್ಟಕ್ಕೇ 24,900 ಆಗುತ್ತೆ. ಉಳಿದ ದಿನಗಳಲ್ಲಿ ಕಳೆ ಕೀಳೋಕೆ ಹೋದರೆ ಮಿತಿ ದಾಟುತ್ತೆ. ಅಂದರೆ ಮೈಮುರಿದು ದುಡಿದ ಬಡವರು ನಿಜ ಹೇಳಿದರೆ ಮನೆ ಇಲ್ಲ. ನನಗೆ ಇದು ಬಹಳ ಅನ್ಯಾಯ ಅನಿಸುತ್ತಿತ್ತು. 38,000, 40,000 ಅಂತ ಪ್ರಮಾಣಪತ್ರ ಹಿಡಿದು ಅಂಗಡಿ ಮುಂದೆ ನಿಂತು, "ಇದನ್ನು ಕಮ್ಮಿ ಮಾಡಿಸೋಕಾಗುತ್ತಾ ಮಗ" ಅಂತ ಕೇಳಿದ ಮುದುಕಿಯರಿಗೆ ಏನು ಉತ್ತರ ಕೊಡೋದು ಅಂತ ಗೊತ್ತಾಗುತ್ತಿರಲಿಲ್ಲ. ಆಮೇಲೆ ಮಿತಿ ಏರಿಸಿದರು. ಅಮ್ಮನ ಸರದಿ ಬರೋ ಹೊತ್ತಿಗೆ ಅದು ಆಗಿತ್ತು.

ಗ್ರಾಮಸಭೆ 2022ರ ಶುರುವಿನಲ್ಲಿ, ಶಾಲೆಯ ಜಗಲಿಯ ಮೇಲೆ ನಡೆಯಿತು. ಅದಕ್ಕೆ ಎರಡು ದಿನ ಮುಂಚೆ ಒಬ್ಬರು ಮನೆಗೆ ಬಂದು, ಮೊದಲೇ ಹತ್ತು ಸಾವಿರ ಕೊಟ್ಟರೆ ಹೆಸರು ಮೇಲೆ ಬರುತ್ತೆ ಅಂದಿದ್ದರು. ಅಮ್ಮ ಕಾಫಿ ಕೊಟ್ಟು ಕಳಿಸಿದರು. ಆ ರಾತ್ರಿ ನಾವಿಬ್ಬರೂ ನಿದ್ದೆ ಮಾಡಲಿಲ್ಲ. ಕೊಡಬೇಕಿತ್ತಾ ಅಂತ ನಾನು ನಿಜವಾಗಿಯೂ ಯೋಚನೆ ಮಾಡಿದೆ. ಹಣ ಇರಲಿಲ್ಲ ಅನ್ನೋದು ಒಂದು. ಇನ್ನೊಂದು, ಎರಡು ವರ್ಷ ಒಂದೊಂದೇ ಕಾಗದ ಸರಿ ಮಾಡಿಸಿದ್ದು ಯಾಕೆ ಮತ್ತೆ?

ಸಭೆಗೆ ನೋಡಲ್ ಅಧಿಕಾರಿ ಬಂದಿದ್ದರು. ಮೈಕ್ ಆಗಾಗ ಕಿರುಚುತ್ತಿತ್ತು. ಮನೆಗಳು ಕಮ್ಮಿ, ಹೆಸರುಗಳು ಜಾಸ್ತಿ. ಒಂದೊಂದೇ ಹೆಸರು ಓದಿ, ಆಕ್ಷೇಪ ಇದೆಯಾ ಅಂತ ಕೇಳುತ್ತಿದ್ದರು. ಅಮ್ಮನ ಹೆಸರು ಬಂದಾಗ ಹಿಂದಿನಿಂದ ಒಂದು ದನಿ, "ಅವರ ಮಗಳು ತಾಲ್ಲೂಕಲ್ಲಿ ಕೆಲಸದಲ್ಲಿದ್ದಾಳೆ." ನನ್ನ ಎದೆ ಹೊಡೆದುಕೊಳ್ಳೋಕೆ ಶುರುವಾಯಿತು. ಝೆರಾಕ್ಸ್ ಅಂಗಡಿ ಕೆಲಸ, ಸರ್ಕಾರಿ ಅಲ್ಲ ಅಂತ ಹೇಳೋಕೆ ಎದ್ದೆ, ಬಾಯಿ ಒಣಗಿ ಮಾತೇ ಬರಲಿಲ್ಲ. ಆಗ ಅಮ್ಮನೇ ಎದ್ದು ನಿಂತರು. ಅವರು ಯಾವತ್ತೂ ಸಭೆಯಲ್ಲಿ ಮಾತಾಡಿದವರಲ್ಲ. "ಸ್ವಾಮಿ, ನಾನು ಏನೂ ಹೇಳಲ್ಲ. ಇಲ್ಲಿಂದ ನಮ್ಮನೆ ನೂರು ಮಾರು. ಎಲ್ಲರೂ ಬಂದು ಹಿಂದಿನ ಗೋಡೆ ನೋಡಿ. ನೋಡಿ ಬಂದು ಹೆಸರು ತೆಗೀರಿ ಅಂದರೆ ತೆಗೀರಿ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮುಂದೆ ಕೂತಿದ್ದ ಹಾಲಿನ ಡೇರಿಯ ಅಜ್ಜ, "ಆ ಕಂಬ ಕೊಟ್ಟಿದ್ದು ನನ್ನ ತೋಟದ್ದೇ ಸ್ವಾಮಿ, ಎರಡು ವರ್ಷ ಆಯ್ತು. ಬರೆದುಕೊಳ್ಳಿ" ಅಂದರು. ಬರೆದುಕೊಂಡರು. ನಡಾವಳಿ ಪುಸ್ತಕದಲ್ಲಿ ಅಮ್ಮನ ಹೆಸರಿನ ಮುಂದೆ ಆಯ್ಕೆ ಅಂತ ಬರೆದಿದ್ದನ್ನು ನಾನು ಕಣ್ಣಾರೆ ನೋಡಿಕೊಂಡೇ ಹೊರಗೆ ಬಂದೆ. ಸಭೆ ಮುಗಿದ ಮೇಲೆ ನಡಾವಳಿ ನೋಡೋಕೆ, ಪ್ರತಿ ಕೇಳೋಕೆ ಎಲ್ಲರಿಗೂ ಹಕ್ಕಿದೆ. ಯಾರೂ ಕೇಳಲ್ಲ. ಕೇಳಿ.

ಕಾಮಗಾರಿ ಆದೇಶ ಬಂದಿದ್ದು ಆ ವರ್ಷ ಜೂನ್‌ನಲ್ಲಿ. ಸಹಾಯಧನ 1,20,000 ರೂಪಾಯಿ, 30,000ದಂತೆ ನಾಲ್ಕು ಕಂತು. ಪಾಯ, ಲಿಂಟಲ್, ಛಾವಣಿ, ಕೊನೆಗೆ ಪೂರ್ಣ. ಇದರ ಜೊತೆ ಉದ್ಯೋಗ ಖಾತ್ರಿಯಲ್ಲಿ 90 ದಿನದ ಕೂಲಿ. ಆ ವರ್ಷದ ದರ 309 ರೂಪಾಯಿ, ಒಟ್ಟು 27,810. ಶೌಚಾಲಯಕ್ಕೆ ಬೇರೆ 12,000. ಬಹಳ ಜನ ಖಾತ್ರಿಯ ಹಣ ಕೇಳೋದೇ ಇಲ್ಲ. ಜಾಬ್ ಕಾರ್ಡ್ ಚಾಲ್ತಿಯಲ್ಲಿದೆಯಾ ಅಂತ ಮೊದಲೇ ನೋಡಿಕೊಳ್ಳಬೇಕು.

ಆದರೆ ಗಮನಿಸಿ, ಪ್ರತಿ ಕಂತೂ ಕೆಲಸ ಆದಮೇಲೆ ಬರೋದು. ಪಾಯ ಹಾಕಿದ ಮೇಲೆ ಪಾಯದ ದುಡ್ಡು. ಹೇಳಿದ ಅವಧಿಯೊಳಗೆ ಪಾಯ ಹಾಕದಿದ್ದರೆ ಮನೆ ಬ್ಲಾಕ್ ಆಗುತ್ತೆ. ಅಂದರೆ ಕೈಯಲ್ಲಿ ದುಡ್ಡಿಲ್ಲ ಅಂತ ಅರ್ಜಿ ಹಾಕಿದವರ ಕೈಯಲ್ಲಿ ಮೊದಲೇ ದುಡ್ಡು ಇರಬೇಕು. ಅಮ್ಮ ಮಹಿಳಾ ಸಂಘದಲ್ಲಿ ಸಾಲ ಎತ್ತಿದರು. ನಾನು ಅಂಗಡಿಯಲ್ಲಿ ಮುಂಗಡ ತಗೊಂಡೆ. ಹಳೇ ಮನೆ ಇಳಿಸಿದೆವು. ಹೆಂಚು, ತೊಲೆ ಒಂದು ಕಡೆ ಜೋಡಿಸಿಟ್ಟೆವು. ಸೈಜುಗಲ್ಲು ಬಂತು, ಪಾಯ ಎದ್ದಿತು. ಪಂಚಾಯ್ತಿಯವರು ಬಂದು ಜಿಪಿಎಸ್ ಮಾಡಿಕೊಂಡು ಹೋದರು. ನಮ್ಮ ಕಡೆ ಹಾಗೇ ಅನ್ನೋದು, 'ಜಿಪಿಎಸ್ ಆಯ್ತಾ?' ಅಂತ. ಅಮ್ಮನನ್ನು ಪಾಯದ ಮೇಲೆ ನಿಲ್ಲಿಸಿ ತೆಗೆದ ಫೋಟೋ, ಜಾಗದ ಗುರುತಿನ ಜೊತೆ ನಿಗಮಕ್ಕೆ ಹೋಗುತ್ತೆ.

ಒಂದು ತಿಂಗಳು ಆಯಿತು. ದುಡ್ಡು ಬರಲಿಲ್ಲ. ಮೇಸ್ತ್ರಿ ಬೇರೆ ಕೆಲಸಕ್ಕೆ ಹೋದರು. ಪಂಚಾಯ್ತಿಯಲ್ಲಿ ಕೇಳಿದರೆ ಬಿಲ್ ಆಗಿದೆ, ಹಣ ಹೋಗಿದೆ ಅಂತಾರೆ. ಬ್ಯಾಂಕಿನಲ್ಲಿ ಬಂದಿಲ್ಲ ಅಂತಾರೆ. ಅಮ್ಮ, ನಾನು ಈ ಎರಡರ ನಡುವೆ ಆರು ಸಲ ಓಡಾಡಿದೆವು. ಆಮೇಲೆ ಗೊತ್ತಾಯಿತು. ಈ ಹಣ ಬರೋದು ನಾವು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಎನ್‌ಪಿಸಿಐ ಮ್ಯಾಪಿಂಗ್ ಅಂತಾರೆ. ಅಮ್ಮ ಹಿಂದೆ ಗ್ಯಾಸ್ ಸಬ್ಸಿಡಿಗೆ ಅಂತ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರು, ಪುಸ್ತಕವೂ ಎಲ್ಲೋ ಕಳೆದುಹೋಗಿತ್ತು. 30,000 ರೂಪಾಯಿ ಸುಮ್ನೆ ಅಲ್ಲಿ ಕೂತಿತ್ತು, ಮೂವತ್ತೆಂಟು ದಿನದಿಂದ. ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ಆಧಾರ್ ವೆಬ್‌ಸೈಟಿನಲ್ಲೇ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ. ಮೊಬೈಲ್ ನಂಬರ್ ಜೋಡಣೆ ಇದ್ದರೆ ಸಾಕು. ಈಗ ಅಂಗಡಿಗೆ ಯಾರು ಮನೆ ಕಾಗದ ತಂದರೂ ಮೊದಲು ಅದನ್ನು ನೋಡಿ ಹೇಳುತ್ತೇನೆ. ಅದಕ್ಕೆ ದುಡ್ಡು ತಗೊಳ್ಳಲ್ಲ.

ಲಿಂಟಲ್, ಛಾವಣಿ ಎರಡೂ ಕಂತು ತಡ ಆಯಿತು, ಆದರೆ ಬಂತು. ಮೋಲ್ಡ್ ಹಾಕಿದ ದಿನ ಬೀದಿಯವರೆಲ್ಲ ಬಾಣಲಿ ಹಿಡಿದರು. ಒಟ್ಟು ಖರ್ಚು ಮೂರೂವರೆ ಲಕ್ಷದ ಹತ್ತಿರ ಆಯಿತು. ಸರ್ಕಾರದಿಂದ ಎಲ್ಲ ಸೇರಿ ಬಂದಿದ್ದು 1,59,810. ಉಳಿದಿದ್ದು ಸಾಲ. ಸಂಘದ ಕಂತು ಇನ್ನೂ ಕಟ್ಟುತ್ತಿದ್ದೇವೆ. ಇದನ್ನು ಮುಚ್ಚಿಡಬಾರದು ಅಂತಲೇ ಬರೆದೆ. ಗ್ರ್ಯಾಂಟ್ ದುಡ್ಡಿನಲ್ಲೇ ಮನೆ ಆಗುತ್ತೆ ಅಂದುಕೊಂಡು ಹಳೇ ಮನೆ ಕೆಡವಿ, ಪಾಯದಲ್ಲೇ ನಿಂತುಹೋದ ಮನೆಗಳು ಪ್ರತಿ ಊರಲ್ಲೂ ಇವೆ. ಪಾಯದ ಮೇಲೆ ಗಿಡ ಬೆಳೆದಿರುತ್ತೆ. ಎಷ್ಟು ದೊಡ್ಡದು ಕಟ್ಟಬೇಕು ಅಂತ ಮೇಸ್ತ್ರಿಯನ್ನು ಕೇಳಬೇಡಿ, ಕೈಯಲ್ಲಿರೋ ದುಡ್ಡನ್ನು ಕೇಳಿ. ನಾವು ಒಂದು ಹಾಲ್, ಒಂದು ಕೋಣೆ, ಅಡುಗೆಮನೆ, ಬಚ್ಚಲು ಅಷ್ಟಕ್ಕೇ ನಿಲ್ಲಿಸಿದೆವು. ಅಡುಗೆಮನೆಯ ಮೇಲೆ ಮೋಲ್ಡ್ ಹಾಕೋಕೆ ದುಡ್ಡು ಸಾಲಲಿಲ್ಲ. ಅಲ್ಲಿಗೆ ಅಪ್ಪ ತಂದಿದ್ದ ಮಂಗಳೂರು ಹೆಂಚನ್ನೇ ತೊಳೆದು ಹೊದಿಸಿದೆವು. ಒಡೆದಿದ್ದು ಹನ್ನೊಂದು ಮಾತ್ರ.

ಕೊನೆಯ ಜಿಪಿಎಸ್ ಫೋಟೋಗೆ ಅಮ್ಮ ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತರು. ಬಾಗಿಲ ಮೇಲೆ ಅವರ ಹೆಸರು, ಯೋಜನೆಯ ಹೆಸರು, ವರ್ಷ ಪೇಂಟಿನಲ್ಲಿ ಬರೆಸಿದ್ದೆವು. ತಮ್ಮ ಅಕ್ಷರ ಅಕ್ಷರವಾಗಿ ಓದಿ ಆಧಾರ್ ಜೊತೆ ತಾಳೆ ನೋಡಿದ. ಹೊರಗಿನ ಗೋಡೆಗೆ ಗಾರೆ ಇನ್ನೂ ಆಗಿಲ್ಲ.

ಯುಗಾದಿಗೆ ಅತ್ತೆ ಬಂದಿದ್ದರು. ಅಮ್ಮ ಹಾಲ್‌ನಲ್ಲಿ ಫ್ಯಾನಿನ ಕೆಳಗೇ ಚಾಪೆ ಹಾಸಿಕೊಟ್ಟರು. ಅರ್ಧ ರಾತ್ರಿಯಲ್ಲಿ ಎದ್ದು ನೋಡಿದರೆ ಅತ್ತೆ ಚಾಪೆ ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿ, ಹೆಂಚಿನ ಕೆಳಗೆ ಮಲಗಿದ್ದರು. "ಮೋಲ್ಡ್ ಮನೆ ಸೆಕೆ ಕಣವ್ವ, ಇಲ್ಲಿ ತಂಪಾಗಿದೆ" ಅಂದರು. ನಾನೂ ದಿಂಬು ತಂದು ಅವರ ಪಕ್ಕ ಮಲಗಿಕೊಂಡೆ.